ನಾಗಮಂಗಲದವರು ಅಳಿಸದ ಪಾಠಗಳು

ಪಾಂಡವಪುರದಲ್ಲಿ ನಮಗೆ ಎರಡು ಕೋಣೆಗಳಿದ್ದವು. ಪರಿಚಯದವರೊಬ್ಬರು ತಮ್ಮ ಮನೆಯ ಹಿಂಭಾಗವನ್ನು ಬಾಡಿಗೆ ಕೇಳದೆ ಬಿಟ್ಟುಕೊಟ್ಟಿದ್ದರು. ಕಣ್ಣು ಕಾಣದ ಮಕ್ಕಳಿಗಾಗಿ ಹತ್ತನೇ ತರಗತಿಯ ಪಾಠಗಳನ್ನು ಓದಿ ಧ್ವನಿಮುದ್ರಿಸುವುದು ಅಲ್ಲಿ ನಡೆಯುತ್ತಿದ್ದ ಕೆಲಸ. ಆಗಾಗ ಬಂದು ಕೈಜೋಡಿಸುವವರು ಏಳೆಂಟು ಜನ ಇದ್ದರು. ದಿನವೂ ಬರುತ್ತಿದ್ದವರು ಮಾತ್ರ ಮೂವರೇ.

ಒಬ್ಬರು ಗಂಜಾಂನಿಂದ ಬರುತ್ತಿದ್ದ ಟೀಚರಮ್ಮ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಬೆಳಿಗ್ಗೆ ಹತ್ತು ಗಂಟೆಗೆ ಬಂದು, ಒಳಕೋಣೆಯ ಬಾಗಿಲು ಹಾಕಿಕೊಂಡು, ಫ್ಯಾನು ನಿಲ್ಲಿಸಿ, ಮೈಕಿನ ಮುಂದೆ ಕೂತು ಎರಡು ಗಂಟೆ ಓದುತ್ತಿದ್ದರು. ಬೇಸಿಗೆಯಲ್ಲೂ ಫ್ಯಾನು ಹಾಕುತ್ತಿರಲಿಲ್ಲ, ಅದರ ಸದ್ದು ಮೈಕಿಗೆ ಕೇಳುತ್ತದೆ ಅಂತ. ಬಾಗಿಲು ತೆಗೆದು ಹೊರಗೆ ಬರುವಾಗ ರವಿಕೆಯ ಬೆನ್ನು ಪೂರ್ತಿ ಒದ್ದೆಯಾಗಿರುತ್ತಿತ್ತು.

ಇನ್ನೊಬ್ಬರು ನಾಗಮಂಗಲದ ಹತ್ತಿರದ ಹಳ್ಳಿಯವರು. ನಾವೆಲ್ಲ ಅವರನ್ನು ನಾಗಮಂಗಲದವರು ಅಂತಲೇ ಕರೆಯುತ್ತಿದ್ದೆವು. ಮೂವತ್ತು ದಾಟಿತ್ತು, ಮದುವೆಯಾಗಿತ್ತು, ಪದವಿ ಓದಿದ್ದರು. ಹುಟ್ಟಿನಿಂದಲೇ ಕಣ್ಣು ಕಾಣದು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದರು. ಅದು ಎಷ್ಟು ವೇಗವಾಗಿ ಓದುತ್ತಿತ್ತೆಂದರೆ ನನಗೆ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ. ಟೀಚರಮ್ಮ ಓದಿದ್ದನ್ನು ಇವರು ಹೊರಕೋಣೆಯ ಕಂಪ್ಯೂಟರಿನಲ್ಲಿ ಕೇಳಿ, ಕೆಮ್ಮು, ತಡವರಿಕೆ, ಎರಡೆರಡು ಸಲ ಓದಿದ ಸಾಲು, ಬೀದಿಯ ಸದ್ದು ಎಲ್ಲವನ್ನೂ ಕತ್ತರಿಸಿ ತೆಗೆದು, ಪಾಠವನ್ನು ಸೇರಿಸಿ ಸಿದ್ಧಮಾಡುತ್ತಿದ್ದರು.

ಮೂರನೆಯವನು ನಾನು. ಶ್ರೀರಂಗಪಟ್ಟಣದವನು. ಪಾಂಡವಪುರದ ಪಕ್ಕದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಶಾಲೆ ಬಿಟ್ಟ ಮೇಲೆ ನಾಲ್ಕೂವರೆಗೆ ಅಲ್ಲಿಗೆ ಹೋಗುತ್ತಿದ್ದೆ. ಕಂಪ್ಯೂಟರಿನ ವಿಷಯ ಏನಿದ್ದರೂ ನನ್ನದು. ಯಾರೋ ಬಿಸಾಡಲು ಇಟ್ಟಿದ್ದ ಎರಡು ಹಳೆಯ ಕಂಪ್ಯೂಟರುಗಳನ್ನು ತಂದು, ಒರೆಸಿ, ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ ನಡೆಯುವಂತೆ ಮಾಡಿದವನು ನಾನೇ. ಈ ಒಂದು ವಿದ್ಯೆಗಾಗಿ ಎಲ್ಲರೂ ನನ್ನನ್ನು ಹೊಗಳುತ್ತಿದ್ದರು. ಆ ಹೊಗಳಿಕೆ ನನಗೆ ಇಷ್ಟವಾಗುತ್ತಿತ್ತು ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು.

ಜುಲೈನಲ್ಲಿ ಸಮಾಜ ವಿಜ್ಞಾನದ ಪುಸ್ತಕ ಶುರು ಮಾಡಿದೆವು. ನವೆಂಬರ್ ಹೊತ್ತಿಗೆ ಇಪ್ಪತ್ತೆರಡು ಪಾಠ ಮುಗಿದಿದ್ದವು. ಅಲ್ಲಿಯವರೆಗೆ ಒಳಗಿನ ಕಂಪ್ಯೂಟರಿನಿಂದ ಹೊರಗಿನದಕ್ಕೆ ಧ್ವನಿಯನ್ನು ಪೆನ್‌ಡ್ರೈವಿನಲ್ಲಿ ಸಾಗಿಸುತ್ತಿದ್ದೆವು. ಟೀಚರಮ್ಮ ಓದಿ ಮುಗಿಸಿದ ಮೇಲೆ ನಾಗಮಂಗಲದವರು ಗೋಡೆ ಹಿಡಿದು ಒಳಗೆ ಬಂದು, ಪೆನ್‌ಡ್ರೈವ್ ಕಿತ್ತುಕೊಂಡು ಹೋಗಿ ತಮ್ಮದಕ್ಕೆ ಚುಚ್ಚುವರು. ಒಂದು ದಿನ ಆ ಪೆನ್‌ಡ್ರೈವ್ ಅವರ ಕೈಯಿಂದ ಜಾರಿ ಬೀರುವಿನ ಕೆಳಗೆ ಹೋಯಿತು. ಹುಡುಕುವುದಕ್ಕೆ ಅರ್ಧ ಗಂಟೆಯಾಯಿತು. ಆವತ್ತೇ ನಾನು ತೀರ್ಮಾನಿಸಿದೆ, ಎರಡು ಕಂಪ್ಯೂಟರುಗಳಿಗೂ ತಂತಿ ಎಳೆದು, ಒಳಗಿನದರ ಫೋಲ್ಡರು ಹೊರಗಿನದರಲ್ಲಿ ತಾನಾಗಿ ಕಾಣುವಂತೆ ಮಾಡಬೇಕು ಅಂತ.

ಕೇಳುವುದಕ್ಕೆ ಸುಲಭ. ಮಾಡಲು ಕೂತಾಗ ಒಂದೂ ಸರಿಹೋಗಲಿಲ್ಲ. ಮೊದಲು ಒಂದರಿಂದ ಇನ್ನೊಂದನ್ನು ಕೂಗಿದರೆ ಉತ್ತರವೇ ಇಲ್ಲ. ಎರಡು ದಿನ ಏನೇನೋ ಬದಲಿಸಿ ನೋಡಿದ ಮೇಲೆ ತಿಳಿಯಿತು, ತಂತಿಯ ತುದಿಯ ಕ್ಲಿಪ್ಪು ಮುರಿದು ಸಡಿಲವಾಗಿ ಕೂತಿತ್ತು. ಅದನ್ನು ಸರಿ ಮಾಡಿದರೆ ಕರೆಂಟು ಹೋಗಿ ಬಂದಾಗಲೆಲ್ಲ, ಎರಡನ್ನೂ ಬೆಸೆಯುವ ರೌಟರು ಕಂಪ್ಯೂಟರುಗಳಿಗೆ ಹೊಸ ವಿಳಾಸ ಕೊಡುತ್ತಿತ್ತು. ನಿನ್ನೆ ಸಿಕ್ಕ ಕಂಪ್ಯೂಟರು ಇವತ್ತು ಆ ವಿಳಾಸದಲ್ಲಿ ಇರುತ್ತಿರಲಿಲ್ಲ. ವಿಳಾಸ ಖಾಯಂ ಮಾಡಿದೆ. ಆಮೇಲೆ ಒಳಗಿನ ಕಂಪ್ಯೂಟರಿನ ಕಾವಲು ತಂತ್ರಾಂಶ ಹೊರಗಿನದನ್ನು ಬಾಗಿಲಲ್ಲೇ ತಡೆಯಿತು. ಅದಕ್ಕೂ ದಾರಿ ಬಿಡಿಸಿದೆ. ಕೊನೆಗೆ ಫೋಲ್ಡರು ಕಂಡಿತು, ಆದರೆ ತೆರೆಯಲು ಹೋದರೆ ಅನುಮತಿ ಇಲ್ಲ ಎಂದು ಹೇಳಿತು. ಅಲ್ಲಿ ನಾನು ಸಿಕ್ಕಿಹಾಕಿಕೊಂಡೆ. ಎರಡು ಕಂಪ್ಯೂಟರಿನಲ್ಲೂ ನಾಗಮಂಗಲದವರ ಖಾತೆಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡು, ಆದರೂ ಅನುಮತಿ ಇಲ್ಲ.

ನಾಗಮಂಗಲದವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಅಂದರು, "ಮೇಷ್ಟ್ರೇ, ಅದು ಎಸ್ರು ನೋಡಲ್ಲ ಕಣೇಳಿ, ನಂಬರ್ ನೋಡ್ತದೆ. ನಂಗೆ ಇಲ್ಲಿ ಒಂದು ನಂಬರ್ ಕೊಟ್ಟಿರ್ತದೆ, ಒಳಗಡೆ ಇನ್ನೊಂದು ಕೊಟ್ಟಿರ್ತದೆ. ಎರಡೂ ಒಂದೇನಾ ಅಂತ ಒಸಿ ನೋಡಿ."

ನೋಡಿದೆ. ಬೇರೆ ಬೇರೆಯಾಗಿದ್ದವು. ಎರಡನ್ನೂ ಒಂದೇ ಮಾಡಿದ ಕೂಡಲೇ ಬಾಗಿಲು ತೆರೆಯಿತು. ಪರೀಕ್ಷೆಗೆಂದು ಬೇರೆ ಒಂದು ಖಾಲಿ ಫೋಲ್ಡರು ಮಾಡಿಕೊಂಡಿದ್ದೆ. ಅದರಲ್ಲಿ ಒಳಗಿನ ಧ್ವನಿಗಳು ಒಂದೊಂದಾಗಿ ಕಾಣಿಸಿದವು. ಆವತ್ತೇ ನಮ್ಮ ಕೆಲಸ ನೋಡಲು ಹೊರಗಿನ ನಾಲ್ಕು ಜನ ಬಂದಿದ್ದರು. ಅವರಿಗೆ ಇದನ್ನು ತೋರಿಸಿ, ಎಷ್ಟು ಕಷ್ಟಪಟ್ಟೆ ಎಂದು ವಿವರಿಸಿದೆ. ನಂಬರಿನ ವಿಷಯವನ್ನೂ ಹೇಳಿದೆ. ಕಂಡುಹಿಡಿದವರು ಯಾರೆಂದು ಹೇಳಲಿಲ್ಲ. ನಾಗಮಂಗಲದವರು ಅಲ್ಲೇ ಇದ್ದರು.

ಆ ಸಂಜೆ ಹೊರಡುವ ಮುಂಚೆ ಒಂದು ಕೆಲಸ ಮಾಡಿದೆ. ನಾಗಮಂಗಲದವರು ತಾವು ಸಿದ್ಧಮಾಡಿದ ಪಾಠಗಳನ್ನೆಲ್ಲ ಹೊರಗಿನ ಕಂಪ್ಯೂಟರಿನಲ್ಲಿ 'ಪಾಠ' ಎಂಬ ಫೋಲ್ಡರಿನಲ್ಲಿ ಇಡುತ್ತಿದ್ದರು. ಬೆಳಿಗ್ಗೆ ಬಂದು ಎರಡು ಕೀಲಿ ಒತ್ತಿದರೆ ಅದು ತೆರೆಯುತ್ತಿತ್ತು. ಅವರಿಗೆ ಹೊಸ ದಾರಿ ಕಲಿಸುವುದು ಯಾಕೆ, ಒಳಗಿನದೂ ಅದೇ ಹೆಸರಿನಲ್ಲೇ ಸಿಗಲಿ ಅಂತ ಪರೀಕ್ಷೆಯ ಫೋಲ್ಡರಿನ ಹೆಸರು ತೆಗೆದು ಅಲ್ಲಿ 'ಪಾಠ' ಎಂದು ಬರೆದೆ. ಕಂಪ್ಯೂಟರು ಶುರುವಾಗುವಾಗ ಓದಿಕೊಳ್ಳುವ ಕಡತದಲ್ಲಿ ಒಂದು ಸಾಲು ಅದು. ಬರೆದು, ಉಳಿಸಿ, ಕಂಪ್ಯೂಟರು ಆರಿಸಿದೆ. ಶ್ರೀರಂಗಪಟ್ಟಣದ ಬಸ್ಸಿಗೆ ಹೊತ್ತಾಗಿತ್ತು. ಯಾರಿಗೂ ಹೇಳಲಿಲ್ಲ. ಹೇಳುವಂಥ ದೊಡ್ಡ ವಿಷಯ ಅಂತಲೂ ಅನ್ನಿಸಲಿಲ್ಲ.

ಮಾರನೆಯ ಬೆಳಿಗ್ಗೆ ಎರಡನೇ ಪೀರಿಯಡ್ಡಿನಲ್ಲಿ ಫೋನು ಬಂತು. ಟೀಚರಮ್ಮನದು.

"ಮೇಷ್ಟ್ರೇ, ಪಾಠ ಒಂದೂ ಇಲ್ವಂತೆ."

"ಎಲ್ಲಿ ಹುಡುಕಿದ್ರಂತೆ?"

"ಅವ್ರು ಬೆಳಿಗ್ಗೆಯಿಂದ ಹುಡುಕ್ತಾನೇ ಅವ್ರೆ. ನಾನು ನೆನ್ನೆ ಓದಿದ್ದು ಬುಟ್ರೆ ಫೋಲ್ಡರು ಖಾಲಿ ಅಂತಾರೆ. ನಂಗೆ ಕೈಕಾಲು ಆಡ್ತಿಲ್ಲ, ಬೇಗ ಬನ್ನಿ."

ಸಂಜೆ ಹೋಗಿ ನೋಡಿದೆ. 'ಪಾಠ' ಫೋಲ್ಡರಿನಲ್ಲಿ ಹಿಂದಿನ ದಿನ ಟೀಚರಮ್ಮ ಓದಿದ ಎರಡು ಧ್ವನಿಗಳು ಬಿಟ್ಟರೆ ಏನೂ ಇರಲಿಲ್ಲ. ಇಪ್ಪತ್ತೆರಡು ಪಾಠವೂ ಇಲ್ಲ. ಒಳಗಿನ ಕಂಪ್ಯೂಟರಿನಲ್ಲಿ ಮೂಲ ಓದು ಇರಬೇಕಿತ್ತು, ಆದರೆ ಅದರ ಡಿಸ್ಕು ತುಂಬಿದೆ ಎಂದು ಹದಿನೈದು ದಿನದಿಂದ ಸಿದ್ಧವಾದ ಪಾಠಗಳ ಓದನ್ನು ನಾನೇ ಅಳಿಸುತ್ತಾ ಬಂದಿದ್ದೆ. ಆಗ ನಾಗಮಂಗಲದವರು, "ಒಂದು ಕಾಪಿ ಪೆನ್‌ಡ್ರೈವಿಗೆ ಆಕಿಡ್ಲಾ?" ಎಂದು ಕೇಳಿದ್ದರು. ಇನ್ನೇನು ಎರಡೂ ಸೇರುತ್ತವೆ, ಬೇಕಿಲ್ಲ ಅಂದಿದ್ದೆ. ಮಕ್ಕಳಿಗೆ ಬಿಡಿಬಿಡಿಯಾಗಿ ಕೊಡುವುದು ಬೇಡ, ಇಡೀ ಪುಸ್ತಕ ಒಟ್ಟಿಗೆ ಕೊಡೋಣ ಎಂದವನೂ ನಾನೇ. ಹಾಗಾಗಿ ಬೇರೆಲ್ಲೂ ಪ್ರತಿ ಇರಲಿಲ್ಲ.

ನಾಗಮಂಗಲದವರು ಕುರ್ಚಿಯ ಹಿಂದೆ ನಿಂತಿದ್ದರು. "ಬೆಳಿಗ್ಗೆ ಬಂದು ತೆಗುದ್ರೆ ಇಂಗಿತ್ತು ಮೇಷ್ಟ್ರೇ. ನಾನು ಏನೂ ಮುಟ್ಟಿಲ್ಲ."

"ಡಿಲೀಟ್ ಕೀಲಿ ಏನಾದ್ರೂ..."

"ಇಲ್ಲ. ಅಳ್ಸುದ್ರೆ ಅದು ಕಿವೀಲಿ ಯೋಳ್ತದೆ. ಅಳಿಸ್ಲಾ ಅಂತ ಕೇಳ್ತದೆ. ನಂಗೆ ಅಂಗೇನೂ ಕೇಳಿಸ್ಲಿಲ್ಲ." ಮತ್ತೆ ಹೇಳಿದರು, "ಇನ್ನೊಂದು ವಿಷ್ಯ. ಡಿಸ್ಕಲ್ಲಿ ಜಾಗ ನೋಡ್ದೆ. ಮೊದ್ಲು ಎಷ್ಟು ತುಂಬಿತ್ತೋ ಈಗ್ಲೂ ಅಷ್ಟೇ ಅದೆ. ಅಳ್ಸಿದ್ರೆ ಖಾಲಿ ಆಗ್ಬೇಕಿತ್ತಲ್ವಾ? ನೀವು ನೆನ್ನೆ ಕೂರ್ಸಿದ್ದು ಆ ಹಳೇ ಫೋಲ್ಡರ್ ಮೇಲೇ ಕೂತಿರ್ಬೋದಾ ಅಂತ..."

ಈಗ ಬರೆಯುವಾಗ ಒಂದನ್ನು ಮರೆಮಾಚಬಾರದು. ಅವರು ಹೇಳಿದ್ದು ನಿಜವಿರಬಹುದು ಎಂದು ಒಂದು ಗಳಿಗೆ ಅನ್ನಿಸಿತು. ಆ ಸಾಲನ್ನು ತೆರೆದು ನೋಡಲು ಅರ್ಧ ನಿಮಿಷ ಸಾಕಿತ್ತು. ಆದರೆ ನಾಲ್ಕು ಜನರ ಮುಂದೆ ಹಿಂದಿನ ದಿನವಷ್ಟೇ ಬೀಗಿದ್ದೆ. ನನ್ನ ಕೆಲಸದಲ್ಲಿ ತಪ್ಪು ಹುಡುಕುವವರು ಇವರಾ ಎಂಬ ಸಿಟ್ಟು ಮೊದಲು ಬಂತು.

"ಅದೆಲ್ಲ ನಾನು ಪರೀಕ್ಷೆ ಮಾಡಿ ನೋಡಿದೀನಿ" ಎಂದೆ. "ಜಾಗದ ಲೆಕ್ಕ ಬೇರೆ. ಅಳಿಸಿದ ಮೇಲೂ ಕೆಲವು ಸಲ ಹಾಗೇ ತೋರಿಸುತ್ತೆ."

ಆ ಭಾನುವಾರ ಇಡೀ ದಿನ ಕೂತು, ಅಳಿಸಿಹೋದದ್ದನ್ನು ಹುಡುಕಿ ತೆಗೆಯುವ ತಂತ್ರಾಂಶ ಓಡಿಸಿದೆ. ಯಾವ ಕಾಲದ್ದೋ ಹಳೆಯ ಚಿತ್ರಗಳು, ಯಾರದೋ ಹಾಡುಗಳ ಚೂರುಗಳು ಬಂದವು. ನಮ್ಮ ಪಾಠದ ಒಂದು ತುಣುಕೂ ಸಿಗಲಿಲ್ಲ. ಅಳಿಸಿದವರು ಅಷ್ಟು ಪೂರ್ತಿಯಾಗಿ ಅಳಿಸಿದ್ದಾರೆ ಅಂದುಕೊಂಡೆ. ಅಳಿಸಿಯೇ ಇಲ್ಲದ್ದು ಅಳಿಸಿದ್ದರಲ್ಲಿ ಸಿಗುವುದು ಹೇಗೆ ಎಂಬ ಯೋಚನೆ ಈ ಗಣಿತದ ಮೇಷ್ಟ್ರ ತಲೆಗೆ ಬರಲಿಲ್ಲ.

ಸೋಮವಾರ ಸಂಜೆ ಟೀಚರಮ್ಮ ನನಗಾಗಿ ಕಾದಿದ್ದರು. ಏಳೆಂಟು ಜನ ಕೈಜೋಡಿಸುವವರಲ್ಲಿ ನಾಲ್ವರು ಆವತ್ತು ಸಭೆಗೆಂದು ಬಂದಿದ್ದರು. ನಾಗಮಂಗಲದವರು ಒಳಕೋಣೆಯಲ್ಲಿ ಮೈಕು ಒರೆಸುತ್ತಿದ್ದರು. ಬಾಗಿಲು ಅರ್ಧ ತೆರೆದಿತ್ತು.

"ಎಂಗೆ ಓಯ್ತು ಅಂತ ಗೊತ್ತಾಯ್ತಾ?" ಎಂದು ಟೀಚರಮ್ಮ ಕೇಳಿದರು.

ಗೊತ್ತಾಗಲಿಲ್ಲ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದ್ದು ಇದು, "ಬೇಕೂ ಅಂತ ಮಾಡಿರಲ್ಲ ಬಿಡಿ. ಕೀಲಿ ಒತ್ತುವಾಗ ಏನೋ ಆಗಿರಬೇಕು. ಅವರಿಗೆ ಕಾಣಲ್ವಲ್ಲ, ಪಾಪ."

ಒಬ್ಬರು ನಿಟ್ಟುಸಿರು ಬಿಟ್ಟರು. ಒಳಗೆ ಮೈಕು ಒರೆಸುವ ಸದ್ದು ನಿಂತಿತು. ಆ 'ಪಾಪ' ಎಂಬ ಮಾತನ್ನು ನಾನು ಕರುಣೆಯಿಂದ ಆಡಿದ್ದೆ ಎಂದು ಆಗ ನಂಬಿದ್ದೆ. ಈಗ ಯೋಚಿಸಿದರೆ ನನ್ನ ಇಡೀ ಮಾತಿನಲ್ಲಿ ಅತಿ ಕೆಟ್ಟದ್ದು ಅದೇ.

ಅಲ್ಲಿಗೂ ನಿಲ್ಲಲಿಲ್ಲ. ಮುಂದೆ ಹೀಗಾಗದಿರಲಿ ಎಂದು ಹೊರಗಿನ ಕಂಪ್ಯೂಟರಿನಲ್ಲಿ ಅವರಿಗೆ ಅಳಿಸುವ ಅಧಿಕಾರ ತೆಗೆದುಹಾಕಿದೆ. ಒಂದು ಕೆಮ್ಮನ್ನು ಕತ್ತರಿಸಿ ಉಳಿಸಬೇಕಾದರೂ ನಾನು ಸಂಜೆ ಬಂದು ಪಾಸ್‌ವರ್ಡು ಹೊಡೆಯಬೇಕು. ಅವರು ಬೆಳಿಗ್ಗೆಯಿಂದ ಮಾಡಿದ ಕೆಲಸವನ್ನು ತೆರೆದಿಟ್ಟುಕೊಂಡು ನಾಲ್ಕೂವರೆಯವರೆಗೆ ಕಾಯುತ್ತಿದ್ದರು. ಮಧ್ಯೆ ಕರೆಂಟು ಹೋದರೆ ಆ ದಿನದ ಕೆಲಸವೆಲ್ಲ ಹೋಯಿತು. ಜೊತೆಗೆ ಇನ್ನೊಂದು ನಿಯಮ ಮಾಡಿದೆ. ಒಳಗಿನ ಕಂಪ್ಯೂಟರು ಶುರುವಾಗದೆ ಹೊರಗಿನದನ್ನು ಹಾಕಬಾರದು, ಹಾಕಿದರೆ ಅದು ಒಳಗಿನದನ್ನು ಹುಡುಕುತ್ತಾ ಒಂದೂವರೆ ನಿಮಿಷ ನಿಂತುಬಿಡುತ್ತದೆ. ಆ ನಿಯಮವನ್ನು ಎಲ್ಲರೂ ಚಾಚೂ ತಪ್ಪದೆ ಪಾಲಿಸಿದರು.

ಹನ್ನೆರಡನೆಯ ದಿನ ನಾಗಮಂಗಲದವರು ಹೇಳಿದರು, "ಬಸ್ಸು ಸರ್‍ಯಾಗ್ ಸಿಗ್ತಿಲ್ಲ ಮೇಷ್ಟ್ರೇ. ನಾಳೆಯಿಂದ ಬರಕ್ಕಾಗಲ್ಲ."

ಬಸ್ಸು ಹಿಂದಿನಂತೆಯೇ ಇತ್ತು. ಜಕ್ಕನಹಳ್ಳಿ ಮೇಲೆ ಬರುವ ಬಸ್ಸು, ಐದು ತಿಂಗಳಿಂದ ಅವರು ಬಂದದ್ದು ಅದರಲ್ಲೇ. ಸರಿ ಎಂದೆ. ಒಂದು ಸಲವೂ ಇರಿ ಅನ್ನಲಿಲ್ಲ. ಅವರನ್ನು ನಿಲ್ದಾಣದವರೆಗೆ ಬಿಟ್ಟುಬಂದವರು ಟೀಚರಮ್ಮ. ನನಗೆ ಒಳಗೊಳಗೇ ನಿರಾಳವಾಯಿತು.

ಟೀಚರಮ್ಮ ಪುಸ್ತಕವನ್ನು ಮೊದಲ ಪುಟದಿಂದ ಮತ್ತೆ ಓದಲು ಶುರು ಮಾಡಿದರು. ಕತ್ತರಿಸುವ ಕೆಲಸ ನನ್ನ ಮೇಲೆ ಬಿತ್ತು. ಅವರ ಗಂಟಲು ಡಿಸೆಂಬರಿನಲ್ಲಿ ಕಟ್ಟಿತು. ಹತ್ತು ದಿನ ಬಿಸಿನೀರು, ಜ್ಯೇಷ್ಠಮಧು ಅಂತ ನುಂಗಿಕೊಂಡು, ಒಡೆದ ದನಿಯಲ್ಲೇ ಬಂದು ಕೂತರು. "ಎರಡ್ನೇ ಸಲ ಓದುದ್ರೆ ಇನ್ನೂ ಚೆನ್ನಾಗ್ ಬತ್ತದೆ ಬುಡಿ" ಎಂದು ನಗುತ್ತಿದ್ದರು. ನನಗೆ ಕತ್ತರಿಸಲು ಬರುತ್ತಿರಲಿಲ್ಲ. ಒಂದು ಪಾಠಕ್ಕೆ ನಾಗಮಂಗಲದವರು ಒಂದು ದಿನ ತೆಗೆದುಕೊಳ್ಳುತ್ತಿದ್ದರೆ ನನಗೆ ವಾರ ಹಿಡಿಯುತ್ತಿತ್ತು. ಪರೀಕ್ಷೆಗೆ ಕೂತ ಮಕ್ಕಳಿಗೆ ಪುಸ್ತಕದ ಅರ್ಧವನ್ನಷ್ಟೇ ಕೊಡಲು ಸಾಧ್ಯವಾಯಿತು. ಉಳಿದ ಅರ್ಧ ಅವರ ಕೈ ಸೇರಿದ್ದು ಪರೀಕ್ಷೆ ಮುಗಿದು ತಿಂಗಳಾದ ಮೇಲೆ. ಮುಂದಿನ ವರ್ಷದ ಮಕ್ಕಳಿಗೆ ಆಗುತ್ತದೆ ಎಂದು ಸಮಾಧಾನ ಹೇಳಿಕೊಂಡೆವು.

ಜೂನ್‌ನಲ್ಲಿ ಒಂದು ಭಾನುವಾರ ಬೆಳಿಗ್ಗೆ ವಿಜ್ಞಾನದ ಪುಸ್ತಕಕ್ಕೆ ಅಣಿ ಮಾಡಲು ಒಬ್ಬನೇ ಹೋಗಿದ್ದೆ. ಹಿಂದಿನ ರಾತ್ರಿ ಗುಡುಗು ಮಳೆ ಬಂದಿತ್ತು. ಒಳಗಿನ ಕಂಪ್ಯೂಟರಿನ ಗುಂಡಿ ಒತ್ತಿದರೆ ಉಸಿರೇ ಇಲ್ಲ, ಸುಟ್ಟ ವಾಸನೆ ಬರುತ್ತಿತ್ತು. ನಾನೇ ಮಾಡಿದ ನಿಯಮ ಮರೆತು ಹೊರಗಿನದನ್ನು ಹಾಕಿದೆ. ಅದು ಒಂದೂವರೆ ನಿಮಿಷ ಒಳಗಿನದನ್ನು ಹುಡುಕಿ, ಸಿಗದೆ, ತನ್ನ ಪಾಡಿಗೆ ಶುರುವಾಯಿತು. 'ಪಾಠ' ತೆರೆದೆ.

ಇಪ್ಪತ್ತೆರಡೂ ಇದ್ದವು.

ಲಿನಕ್ಸಿನಲ್ಲಿ ಇನ್ನೊಂದು ಕಂಪ್ಯೂಟರಿನ ಫೋಲ್ಡರನ್ನು ನಮ್ಮಲ್ಲಿ ಕಾಣಿಸಬೇಕಾದರೆ ನಮ್ಮದೊಂದು ಫೋಲ್ಡರಿನ ಮೇಲೆ ಅದನ್ನು ಕೂರಿಸಬೇಕು. ಕೆಳಗಿನದು ಖಾಲಿಯಿದ್ದರೆ ತೊಂದರೆಯಿಲ್ಲ. ಅದರಲ್ಲಿ ಏನಾದರೂ ಇದ್ದರೆ, ಮೇಲೆ ಕೂತದ್ದು ಏಳುವವರೆಗೆ ಕೆಳಗಿನದು ಕಾಣುವುದಿಲ್ಲ. ಎಲ್ಲಿಗೂ ಹೋಗಿರುವುದಿಲ್ಲ, ಅಲ್ಲೇ ಇರುತ್ತದೆ. ಆವತ್ತು ಬಸ್ಸಿನ ಅವಸರದಲ್ಲಿ ನಾನು ಬರೆದ ಸಾಲು ಮಾಡಿದ್ದು ಇಷ್ಟೇ. ನಾಗಮಂಗಲದವರು ಕುರ್ಚಿಯ ಹಿಂದೆ ನಿಂತು ಹೇಳಿದ್ದೂ ಇದನ್ನೇ. ಒಳಗಿನ ಕಂಪ್ಯೂಟರು ಮೊದಲು ಶುರುವಾಗಲೇಬೇಕೆಂಬ ನನ್ನ ನಿಯಮದಿಂದಾಗಿ ಏಳು ತಿಂಗಳಲ್ಲಿ ಒಂದು ದಿನವೂ ಆ ಪಾಠಗಳು ಹೊರಗೆ ಕಾಣಲಿಲ್ಲ.

ಪ್ರತಿ ಪಾಠದ ಜೊತೆಗೂ ಒಂದು ಸಣ್ಣ ಧ್ವನಿ ಇತ್ತು. ಅದು ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಒಂದನ್ನು ಹಾಕಿದೆ. ನಾಗಮಂಗಲದವರ ದನಿ. "ಮೇಷ್ಟ್ರೇ, ಇದ್ರಲ್ಲಿ ಹನ್ನೆರಡನೇ ನಿಮಿಷದಲ್ಲಿ ಕಬ್ಬಿನ ಟ್ರಾಕ್ಟರ್ ಸದ್ದು ಬಂದದೆ. ಅದನ್ನ ತೆಗುದ್ರೆ ಟೀಚರಮ್ಮಂದು ಒಂದು ಮಾತು ಅರ್ಧ ಓಯ್ತದೆ. ಅದ್ಕೇ ಬುಟ್ಟಿವ್ನಿ. ಮಕ್ಳಿಗೆ ತೊಂದ್ರೆ ಆಗಲ್ಲ." ಇನ್ನೊಂದನ್ನು ಹಾಕಿದೆ. "ಇದ್ರಲ್ಲಿ ಒಂದು ಇಸವಿ ತಪ್ಪು ಓದವ್ರೆ. ಅವ್ರಿಗೆ ಬೇಜಾರಾಗ್ದಂಗೆ ಯೋಳಿ, ಇನ್ನೊಂದ್ಸಲ ಓದ್ಸಿ." ಹೀಗೆ ಇಪ್ಪತ್ತೆರಡು. ನಾನು ಒಂದನ್ನೂ ಕೇಳಿರಲಿಲ್ಲ.

ಆಮೇಲೆ ನಾನು ಮಾಡಹೊರಟದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಇಪ್ಪತ್ತೆರಡನ್ನೂ ಒಟ್ಟಿಗೆ ಆರಿಸಿ, ಅಳಿಸುವ ಕೀಲಿಯ ಮೇಲೆ ಬೆರಳಿಟ್ಟೆ. ಹೊಸ ಓದು ಹೇಗೂ ಸಿದ್ಧವಾಗಿದೆ, ಇವು ಯಾರಿಗೂ ಬೇಕಿಲ್ಲ, ಇದ್ದವೆಂದು ಯಾರಿಗೂ ಗೊತ್ತಿಲ್ಲ. ಪರದೆ ಅಳಿಸಲೇ ಎಂದು ಕೇಳಿತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ಗೊತ್ತಿಲ್ಲ. ಮುಂಭಾಗದ ಮನೆಯವರು ಕಾಫಿ ತಂದು ಬಾಗಿಲು ತಟ್ಟಿದಾಗ ಬೆಚ್ಚಿಬಿದ್ದು ಬೇಡ ಎಂದು ಒತ್ತಿದೆ. ಅಳಿಸಲಿಲ್ಲ ನಿಜ. ಆದರೆ ಅದು ನನ್ನ ಒಳ್ಳೆಯತನದಿಂದಲೇ ಎಂದು ಪ್ರಮಾಣ ಮಾಡಿ ಹೇಳಲಾರೆ.

ಪಾಠಗಳನ್ನು ಬೇರೆ ಹೆಸರಿನ ಫೋಲ್ಡರಿಗೆ ಸಾಗಿಸಿ, ಕಂಪ್ಯೂಟರು ಆರಿಸಿ ಮನೆಗೆ ಬಂದೆ. ಒಳಗಿನ ಕಂಪ್ಯೂಟರನ್ನು ರಿಪೇರಿ ಮಾಡಿಸಿ ತಂದಿಟ್ಟೆ, ಆದರೆ ಪಾಠ ಸಿಕ್ಕಿದ್ದನ್ನು ಮೂರು ವಾರ ಯಾರಿಗೂ ಹೇಳಲಿಲ್ಲ. ಶಾಲೆಯಲ್ಲಿ ಹುಡುಗನೊಬ್ಬ, "ನಾನು ಕಾಪಿ ಹೊಡ್ದಿಲ್ಲ ಸಾ" ಅಂದರೆ ಅವನ ಮುಖ ನೋಡಲು ಆಗುತ್ತಿರಲಿಲ್ಲ. ಟೀಚರಮ್ಮ ಎಂದಿನಂತೆ ಬರುತ್ತಿದ್ದರು, ವಿಜ್ಞಾನ ಓದುತ್ತಿದ್ದರು. ಒಂದು ಭಾನುವಾರ ಅವರು ಓದಿ ಮುಗಿಸಿ ಗಂಟಲು ಸವರಿಕೊಳ್ಳುವುದನ್ನು ನೋಡಿದೆ. ಇನ್ನು ತಡೆಯಲಾಗಲಿಲ್ಲ. ಅಲ್ಲೇ ಬಾಗಿಲ ಬಳಿ ನಿಂತು ಎಲ್ಲ ಹೇಳಿಬಿಟ್ಟೆ. ಆ ಸಾಲು ಬರೆದದ್ದು, ನಾಗಮಂಗಲದವರು ಹೇಳಿದ್ದನ್ನು ಕೇಳದೆ ಹೋದದ್ದು, ಮೂರು ವಾರ ಬಚ್ಚಿಟ್ಟದ್ದು. ಅಳಿಸಲು ಹೊರಟದ್ದನ್ನೂ ಹೇಳಿದೆ.

ಟೀಚರಮ್ಮ ಕುರ್ಚಿಯಲ್ಲಿ ಕೂತರು. ತಮ್ಮ ಗಂಟಲು ಕೆಟ್ಟಿತು, ನಾಲ್ಕು ತಿಂಗಳು ಹೋಯಿತು ಎಂದು ಬೈಯುತ್ತಾರೆ ಎಂದು ಕಾದಿದ್ದೆ. ಅವರು ಅದರ ಮಾತೇ ಎತ್ತಲಿಲ್ಲ.

"ಇದ್ನ ಮೊದ್ಲು ಯಾರ್ ತಾವ ಓಗಿ ಯೋಳ್ಬೇಕಿತ್ತು?" ಎಂದರು.

ನಾನು ನಾಗಮಂಗಲದವರು ಕೂರುತ್ತಿದ್ದ ಕುರ್ಚಿಯತ್ತ ನೋಡಿದೆ.

"ನಂತಾವ ಯೋಳೋದು ಸುಲ್ಬ. ನಾನು ಬೈದ್ರೂ ಒಂದು ಲೋಟ ಕಾಫಿ ಕೊಟ್ಟು ಬೈತೀನಿ ಅಂತ ನಿಮ್ಗೆ ಗೊತ್ತು." ಅವರ ಕಣ್ಣು ತುಂಬಿತ್ತು. "ನಾನೂ ಅಂಗೇ ಅಂದ್ಕೊಂಡ್ನಲ್ಲ ಮೇಷ್ಟ್ರೇ. ಮನೇಲೂ ಅಂದೆ, ಪಾಪ ಕಾಣ್ದಿರೋರು ಏನೋ ಒತ್ತಿ ಎಲ್ಲಾನೂ ಅಳ್ಸಿಬುಟ್ರು ಅಂತ. ಎಷ್ಟ್ ಜನಕ್ಕೆ ಯೋಳಿವ್ನೋ. ಬಸ್ ಸ್ಟಾಂಡಲ್ಲಿ ಬುಡಕ್ಕೋದಾಗ ಒಂದ್ ಮಾತು ಕೇಳುದ್ರು ನನ್ನ. ನೀವೂ ನಂಬಿದೀರಾ ಟೀಚರಮ್ಮ ಅಂತ. ನಾನು ಬಸ್ ಬಂತು ಅತ್ಕಳಿ ಅಂದೆ."

ಆ ಶನಿವಾರ ಶಾಲೆ ಬಿಟ್ಟ ಕೂಡಲೇ ಕೆ.ಆರ್. ಪೇಟೆಗೆ ಹೊರಟೆ. ನಾಗಮಂಗಲದವರು ಅಲ್ಲಿ ಒಂದು ಕಂಪ್ಯೂಟರು ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದಾರೆಂದೂ, ಹೆಂಡತಿಯೊಂದಿಗೆ ಅಲ್ಲೇ ಮನೆ ಮಾಡಿದ್ದಾರೆಂದೂ ಟೀಚರಮ್ಮ ಹೇಳಿದ್ದರು. ಚಿನಕುರಳಿ ದಾಟುವವರೆಗೂ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ. ಎಲ್ಲಿಂದ ಶುರು ಮಾಡಿದರೂ ನನ್ನ ಮಾತು ನನ್ನನ್ನೇ ಕಾಪಾಡಿಕೊಳ್ಳುವಂತೆ ಕೇಳಿಸುತ್ತಿತ್ತು. ಕೊನೆಗೆ ಬಿಟ್ಟುಬಿಟ್ಟೆ.

ಕೇಂದ್ರ ಇದ್ದದ್ದು ಒಂದು ಬಟ್ಟೆ ಅಂಗಡಿಯ ಮೇಲೆ. ಮೆಟ್ಟಿಲು ಹತ್ತಿ ಹೋದಾಗ ಅವರೊಬ್ಬರೇ ಕೂತು ಊಟದ ಡಬ್ಬಿ ಮುಚ್ಚುತ್ತಿದ್ದರು. ನಾನು ಬಾಯಿ ತೆರೆಯುವ ಮುಂಚೆ ಕೆಮ್ಮಿದೆ. ಅಷ್ಟಕ್ಕೇ ಗುರುತು ಹಿಡಿದರು.

"ಏನ್ ಮೇಷ್ಟ್ರೇ, ಇಲ್ಲಿಗಂಟ?"

"ಪಾಠ ಎಲ್ಲ ಸಿಕ್ತು. ಒಂದೂ ಹೋಗಿರಲಿಲ್ಲ. ನೀವು ಹೇಳಿದ ಹಾಗೆ ಕೆಳಗೇ ಇದ್ವು. ಮೇಲೆ ಕೂರಿಸಿದವನು ನಾನು."

ಅವರು ಡಬ್ಬಿಯ ಮುಚ್ಚಳ ಒತ್ತಿ ಚೀಲದಲ್ಲಿಟ್ಟರು. "ಗೊತ್ತು" ಎಂದರು.

"ಗೊತ್ತಾ?"

"ಇಲ್ಲಿ ಸೇರ್ಕಂಡ ಮೊದಲ್ನೇ ವಾರ ಎರಡು ಕಂಪ್ಯೂಟರ್ ಇಟ್ಕಂಡು ಅಂಗೇ ಮಾಡ್ ನೋಡ್ದೆ. ಸರಿಯಾಗಿ ಅಂಗೇ ಆಯ್ತು. ಖಾಲಿ ಅಂತು. ಮೇಲಿಂದು ಎತ್ತುದ್ರೆ ಎಲ್ಲಾ ಬಂತು."

"ಒಂದು ಫೋನ್ ಮಾಡಿ ಹೇಳಬಹುದಿತ್ತಲ್ಲ" ಎಂದೆ. ಆ ಮಾತು ಬಾಯಿಂದ ಹೇಗೆ ಬಂತೋ ಇವತ್ತಿಗೂ ತಿಳಿಯದು.

ಅವರ ದನಿ ಏರಲಿಲ್ಲ. "ಯೋಳಿದ್ನಲ್ಲ ಮೇಷ್ಟ್ರೇ. ಅವತ್ತೇ ಯೋಳಿದ್ದೆ."

ಕೆಳಗೆ ಬಟ್ಟೆ ಅಂಗಡಿಯಲ್ಲಿ ಯಾರೋ ಸೀರೆಯ ಬೆಲೆಗೆ ಚೌಕಾಸಿ ಮಾಡುತ್ತಿದ್ದರು. ನಾನು ತಪ್ಪಾಯಿತು ಎಂದೆ. ಇನ್ನೊಂದು ಸಲ ಎಂದೆ. ಅವರು ಬಿಡಿ ಅನ್ನಲಿಲ್ಲ, ಪರವಾಗಿಲ್ಲ ಅನ್ನಲಿಲ್ಲ. ಅನ್ನಬೇಕೆಂದು ನಾನು ಎಷ್ಟು ಕಾಯುತ್ತಿದ್ದೆ ಎಂದು ಆಗ ನನಗೇ ತಿಳಿಯಿತು.

"ಅಳ್ಸುದ್ರು ಅಂತ ಅಂದಿದ್ರೆ ನಂಗೆ ಅಷ್ಟು ಬೇಜಾರಿಲ್ಲ" ಎಂದರು. "ಕಣ್ಣಿರೋರೂ ಅಳುಸ್ತಾರೆ. ಕಾಣಲ್ವಲ್ಲ ಪಾಪ ಅಂದ್ರಲ್ಲ, ಅದು. ಅದೊಂದು ಮಾತಿಗೆ ನಾನು ಏನ್ ಯೋಳುದ್ರೂ ಯಾರೂ ನಂಬಲ್ಲ ಇನ್ನು ಅಂತ ಗೊತ್ತಾಯ್ತು. ನಾನು ಕೆಲ್ಸ ಕಲ್ತಿದ್ದೆಲ್ಲ ಅಲ್ಲಿಗೆ ನೀರಲ್ಲಿ ಕೊಚ್ಕಂಡ್ ಓದಂಗಾಯ್ತು."

ಮತ್ತೆ ಬರುತ್ತೀರಾ ಎಂದು ಕೇಳಿದೆ. ಇಲ್ಲ ಎಂದರು. ಇಲ್ಲಿ ಒಪ್ಪಿಕೊಂಡಿದ್ದೇನೆ, ಇಲ್ಲಿನ ಹುಡುಗಿಯರು ಚೆನ್ನಾಗಿ ಕಲಿಯುತ್ತಾರೆ ಎಂದರು. ಪಾಠಗಳ ಪೆನ್‌ಡ್ರೈವನ್ನು ಕೈಗೆ ಕೊಟ್ಟೆ. ಅದು ಅವರ ಕೆಲಸ, ಒಂದು ಪ್ರತಿ ಅವರಲ್ಲಿರಲಿ ಅಂತ ತಂದಿದ್ದೆ. ಅವರು ಅದನ್ನು ಬೆರಳಲ್ಲಿ ತಡಕಿ ಜೇಬಿಗೆ ಹಾಕಿಕೊಂಡರು.

"ಒಂದು ಕೆಲ್ಸ ಮಾಡಿ" ಎಂದರು. "ಅವತ್ತು ಆ ಕೋಣೇಲಿ ಯಾರ್‍ಯಾರ್ ಇದ್ರೋ ಅವ್ರನ್ನೆಲ್ಲ ಇನ್ನೊಂದ್ಸಲ ಕೂರ್ಸಿ, ನಂಗೆ ಯೋಳಿದ್ದನ್ನ ಅವ್ರಿಗೂ ಯೋಳಿ. ನಾನಿಲ್ದಿದ್ರೂ ಆಯ್ತದೆ."

ತರಗತಿಗೆ ಹುಡುಗಿಯರು ಮೆಟ್ಟಿಲು ಹತ್ತಿ ಬಂದರು. ಅವರು ಎದ್ದು ನಿಂತು ಎಲ್ಲರನ್ನೂ ಹೆಸರು ಹಿಡಿದು ಕರೆದು ಕೂರಿಸಿದರು. ನಾನು ಇಳಿದು ಬಂದೆ.

ಮುಂದಿನ ಸೋಮವಾರ ಎಲ್ಲರನ್ನೂ ಕರೆದೆ. ಆವತ್ತು ಇದ್ದ ನಾಲ್ವರಲ್ಲಿ ಮೂವರು ಬಂದರು. ಟೀಚರಮ್ಮ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ನಾನು ನಿಂತು ಹೇಳಿದೆ. ನಂಬರಿನ ತೊಡಕು ಬಿಡಿಸಿದವರೂ ನಾಗಮಂಗಲದವರೇ ಎಂಬುದನ್ನೂ ಹೇಳಿದೆ. ಮುಗಿದ ಮೇಲೆ ಒಬ್ಬರು, "ಓಗ್ಲಿ ಬುಡಿ ಮೇಷ್ಟ್ರೇ, ಮಿಷನ್ನು ಅಂದ್ಮೇಲೆ ಯಾರಿಗಾದ್ರೂ ಇಂಗಾಯ್ತದೆ" ಎಂದರು. ಆ ಮಾತಿಗೆ ಒರಗಿಕೊಳ್ಳಬೇಕೆಂದು ಮನಸ್ಸು ಹಾತೊರೆಯಿತು. ಇಲ್ಲ, ಮಿಷನ್ನು ನಾನು ಬರೆದದ್ದನ್ನು ಬರೆದ ಹಾಗೇ ಮಾಡಿತು ಎಂದೆ. ಬಾರದೆ ಉಳಿದ ನಾಲ್ಕನೆಯವರ ಮನೆಗೆ ಕಿರಂಗೂರಿಗೆ ಹೋಗಿ ಹೇಳಿಬಂದೆ. ಅವರಿಗೆ ಆ ವಿಷಯವೇ ಮರೆತುಹೋಗಿತ್ತು. ನೆನಪು ಮಾಡಿಕೊಟ್ಟು ಹೇಳಬೇಕಾಯಿತು.

ಹೊರಗಿನ ಕಂಪ್ಯೂಟರಿನಲ್ಲಿ ಆ ಸಾಲನ್ನು ತಿದ್ದಿದ್ದೇನೆ. ಈಗ ಒಳಗಿನ ಧ್ವನಿಗಳು ಬೇರೆ ಹೆಸರಿನ ಖಾಲಿ ಫೋಲ್ಡರಿನಲ್ಲಿ ಬರುತ್ತವೆ. ಅಲ್ಲಿ ಕೂರಲು ಇನ್ನೊಬ್ಬರು ಬಂದಿದ್ದಾರೆ, ಹೊಸಬರು, ಕಣ್ಣು ಕಾಣುವವರು. ಅವರು ಏನಾದರೂ ತಪ್ಪಾಗಿದೆ ಎಂದರೆ ಮೊದಲು ನಾನು ಬರೆದದ್ದನ್ನು ತೆರೆದು ನೋಡುತ್ತೇನೆ.

ಹದಿನೈದು ದಿನ ಬಿಟ್ಟು ನಾಗಮಂಗಲದವರಿಗೆ ಫೋನು ಮಾಡಿದೆ. ಎಲ್ಲರಿಗೂ ಹೇಳಿದೆ ಎಂದೆ. "ಟೀಚರಮ್ಮ ಯೋಳುದ್ರು" ಎಂದರು. ಅವರ ಹಿಂದೆ ಕೀಲಿಮಣೆಗಳ ಸದ್ದು ಕೇಳುತ್ತಿತ್ತು. ಇನ್ನೇನಾದರೂ ಹೇಳುತ್ತಾರೇನೋ ಎಂದು ಕಾದೆ. "ಕ್ಲಾಸಲ್ಲಿವ್ನಿ ಮೇಷ್ಟ್ರೇ, ಇಡ್ಲಾ?" ಎಂದು ಕೇಳಿದರು. ಇಡಿ ಎಂದೆ.